ಚರೆಕೋವಿಗೆ ದುರ್ಬೀನು ಯಾಕೆ?

ಚರೆ ಹಾರಿಸುವ ತೋಟಾಕೋವಿಗೆ ಯಾವ ದುರ್ಬೀನು ಕೂರಿಸಿದರೆ ಒಳ್ಳೆಯದು ಎಂದು ಕೇಳುವವರಿಗೆ, ಬಂಗಾರಪೇಟೆ ಸೀಮೆಯ ಮಟ್ಟಿಗೆ ನಾನು ಹೇಳುವುದು ಒಂದೇ: ಯಾವುದೂ ಬೇಡ. ಇದು ಜಿಪುಣತನದ ಮಾತಲ್ಲ, ಲೆಕ್ಕದ ಮಾತು. ದುರ್ಬೀನು ತಿದ್ದುವುದು ಕಣ್ಣಿನ ತಪ್ಪನ್ನು, ನಳಿಗೆಯ ತಪ್ಪನ್ನಲ್ಲ. ಕಣ್ಣಿಗಿಂತ ನಳಿಗೆಯೇ ಹೆಚ್ಚು ತಪ್ಪುವಂಥದ್ದಾದರೆ ಗಾಜಿಗೆ ಸುರಿದ ದುಡ್ಡು ದಂಡ. ದುರ್ಬೀನು ಎಲ್ಲಿ ಸಲ್ಲುತ್ತದೆ ಎಂಬುದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ, ಕೆ.ಜಿ.ಎಫ್.ನ ನೆಲದಡಿಯಲ್ಲೇ ಇದೆ. 1880ರ ದಶಕದಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯವರು ಹಿಡಿದ ಗಣಿಗಾರಿಕೆ 2001ರ ಫೆಬ್ರವರಿಯಲ್ಲಿ ನಿಲ್ಲುವ ಹೊತ್ತಿಗೆ ಚಾಂಪಿಯನ್ ರೀಫ್ ಗಣಿ 3 ಕಿಲೋಮೀಟರಿಗೂ ಆಳಕ್ಕೆ ಇಳಿದಿತ್ತು. ಆ ಕತ್ತಲಲ್ಲಿ ಎರಡು ಕಡೆಯಿಂದ ಕೊರೆದು ಬರುವ ಸುರಂಗಗಳು ನಡುವೆ ಕೂಡಬೇಕಾದರೆ ಸರ್ವೆಯವರು ಕೋನ ಅಳೆಯುವ ದುರ್ಬೀನು, ಥಿಯೋಡಲೈಟೇ ಗತಿ. ಅದರ ಕೊಳವೆಯೊಳಗಿನ ಅಡ್ಡಗೆರೆ ಉದ್ದಗೆರೆಗಳು ಒಂದೇ ಒಂದು ಮಿನಿಟಿನಷ್ಟು ಕೋನ ತಪ್ಪಿದರೂ 1 ಕಿಲೋಮೀಟರು ಹೋಗುವಷ್ಟರಲ್ಲಿ 29 ಸೆಂಟಿಮೀಟರು ಆಚೀಚೆಯಾಗುತ್ತದೆ. ಅಲ್ಲಿ ಉಪಕರಣ ಕಣ್ಣಿಗಿಂತ ನಿಖರ. ಹಾಗಾಗಿ ಮಸೂರ ತನ್ನ ಅನ್ನವನ್ನು ತಾನೇ ದುಡಿಯುತ್ತದೆ.

ಇನ್ನು ಕೋವಿಯ ಕಡೆ ಬನ್ನಿ. ಹನ್ನೆರಡು ಬೋರಿನ ನಳಿಗೆಯ ಬಾಯಿ ಸುಮಾರು ಹದಿನೆಂಟೂವರೆ ಮಿಲಿಮೀಟರು. ಆರನೇ ನಂಬರಿನ ತೋಟಾದಿಂದ ಇನ್ನೂರೈವತ್ತಕ್ಕೂ ಮಿಕ್ಕ ಚರೆಗಳು ಒಟ್ಟಿಗೇ ಹೊರಬೀಳುತ್ತವೆ. ಬಾಯಿ ಪೂರ್ತಿ ಬಿಗಿಯಾದ, ಫುಲ್ ಚೋಕ್ ನಳಿಗೆಯಾದರೆ 40 ಗಜದಲ್ಲಿ 30 ಅಂಗುಲದ ವೃತ್ತದೊಳಗೆ ನೂರಕ್ಕೆ 70 ಚರೆ ಬೀಳಬೇಕು ಎಂಬುದು ಹಳೆಯ ಅಳತೆ. ಬಾಯಿ ನೇರವಾಗಿರುವ ಸಿಲಿಂಡರ್ ನಳಿಗೆಯಾದರೆ 40 ಬಿದ್ದರೆ ಪುಣ್ಯ. ಮಿಕ್ಕವು ವೃತ್ತದಾಚೆ ಎಲ್ಲೆಲ್ಲೋ. ಅಷ್ಟೇ ದೂರದಲ್ಲಿ ಆರೋಗ್ಯವಾದ ಬರಿಗಣ್ಣು ಒಂದು ಸೆಂಟಿಮೀಟರಿನ ವ್ಯತ್ಯಾಸವನ್ನು ಗುರುತಿಸಬಲ್ಲದು. ನಾಲ್ಕು ಪಟ್ಟು ಹಿಗ್ಗಿಸುವ ದುರ್ಬೀನು ಅದನ್ನು ಕಾಲು ಸೆಂಟಿಮೀಟರಿಗೆ ತಂದೀತು. ಮುಕ್ಕಾಲು ಮೀಟರು ಹರಡುವ ಚರೆಗೆ ಈ ಮುಕ್ಕಾಲು ಸೆಂಟಿಮೀಟರಿನ ಲಾಭ ಏತಕ್ಕೆ? ಮಳೆ ಸುರಿಯುವಾಗ ಯಾವ ಹನಿ ಯಾವ ಹೆಂಚಿಗೆ ಎಂದು ಎಣಿಸಿದ ಹಾಗೆ. ಮೂತಿಯ ಮೇಲಿನ ಹಿತ್ತಾಳೆ ಮಣಿಯೇ ಅಷ್ಟು ದೂರದಲ್ಲಿ ಅರ್ಧ ಗೇಣಿಗೂ ಹೆಚ್ಚು ಜಾಗವನ್ನು ಮುಚ್ಚಿಬಿಡುತ್ತದೆ. ಮಾಡಿದವರು ತಿಳಿಯದೆ ಹಾಗೆ ಮಾಡಿದ್ದಲ್ಲ, ಈ ಆಯುಧಕ್ಕೆ ಅಷ್ಟು ಸಾಕು.

ಅದೂ ಗುರಿ ಕೂತಿದ್ದಾಗಿನ ಮಾತು. ಚರೆಕೋವಿ ಹುಟ್ಟಿದ್ದೇ ಹಾರುವ ಗುರಿಗೆ. ಬೇತಮಂಗಲದಂಥ ಕೆರೆಗಳ ಕೆಳಗಿನ ಕೆಸರುಗದ್ದೆಯಲ್ಲಿ ಚಳಿಗಾಲಕ್ಕೆ ಬಂದಿಳಿಯುವ ಉಲ್ಲಂಕಿ ಹಕ್ಕಿ ಕಾಲಬುಡದಿಂದ ಚಂಗನೆ ಎದ್ದರೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಸೊಟ್ಟಸೊಟ್ಟ ಹಾರುತ್ತದೆ. ನಾಲ್ಕು ಪಟ್ಟಿನ ದುರ್ಬೀನಿನಲ್ಲಿ 30 ಗಜದಾಚೆ ಕಾಣುವುದು ಹತ್ತಡಿಗಿಂತ ಕಮ್ಮಿ ಅಗಲ. ಗಂಟೆಗೆ 50 ಕಿಲೋಮೀಟರು ವೇಗದ ಹಕ್ಕಿ ಅದನ್ನು ದಾಟಲು ಸೆಕೆಂಡಿನ ಐದನೇ ಒಂದು ಪಾಲು ಸಾಕು. ದುರ್ಬೀನಿನವನು ಹಕ್ಕಿಯನ್ನು ಹುಡುಕುತ್ತಿರುತ್ತಾನೆ, ಹಕ್ಕಿ ಆಗಲೇ ಆಂಧ್ರದ ಗಡಿಯ ಕಡೆ ಮುಖ ಮಾಡಿರುತ್ತದೆ.

ಹಾಗಾದರೆ ಕೋವಿಗೆಂದೇ ದುರ್ಬೀನು ಮಾಡಿ ಮಾರುವವರೆಲ್ಲ ಮೂರ್ಖರೇ ಎಂದು ಕೇಳಬಹುದು. ಅಲ್ಲ, ಅವರ ಊರೇ ಬೇರೆ. ಅಮೆರಿಕದ ಒಹಾಯೊ, ಅಯೋವಾದಂಥ ರಾಜ್ಯಗಳಲ್ಲಿ ಜಿಂಕೆ ಬೇಟೆಗೆ ಬಹುಕಾಲ ರೈಫಲ್ಲಿಗೆ ಅಪ್ಪಣೆ ಇರಲಿಲ್ಲ, ತೋಟಾಕೋವಿಯಿಂದಲೇ ಹೊಡೆಯಬೇಕಿತ್ತು. ಅದಕ್ಕೇ ಅವರು ನಳಿಗೆಯೊಳಗೆ ಸುರುಳಿ ಗೀರು ಕೊರೆಸಿ, ಚರೆಯ ಬದಲು ಸ್ಲಗ್ ಎಂಬ ಒಂಟಿ ಗುಂಡು ಹಾಕಿದರು. ಒಂಟಿ ಗುಂಡು ನೂರು ಗಜದಲ್ಲೂ ಒಂದೇ ಕಡೆ ಬೀಳುವುದಾದರೆ ನಳಿಗೆ ಕಣ್ಣನ್ನು ಮೀರಿಸಿದಂತಾಯಿತು, ದುರ್ಬೀನಿಗೆ ಕೆಲಸ ಸಿಕ್ಕಿತು. ಅಂಥ ದುರ್ಬೀನಿಗೂ ಷರತ್ತುಗಳಿವೆ. ಹನ್ನೆರಡು ಬೋರಿನ ಒದೆತ ಜೋರು, ಕಣ್ಣಿಗೂ ಗಾಜಿಗೂ ನಾಲ್ಕು ಅಂಗುಲ ಬಿಡುವಿರಲೇಬೇಕು. ಇಲ್ಲದಿದ್ದರೆ ಹುಬ್ಬಿನ ಮೇಲೆ ಅರ್ಧಚಂದ್ರದ ಗಾಯ ಖಾತ್ರಿ. ಇತ್ತ ನಮ್ಮಲ್ಲಿರುವ ಜೋಡುನಳಿಗೆಗಳ ಒಳಗೋಡೆ ನುಣ್ಣಗೆ. ಸಾಲದ್ದಕ್ಕೆ ಎರಡು ನಳಿಗೆಗೂ ಒಂದೇ ದುರ್ಬೀನು ಹೊಂದಿಸುವ ತಾಪತ್ರಯ ಬೇರೆ.

ವಯಸ್ಸಾದವರ ತಕರಾರು ಇದಕ್ಕಿಂತ ಗಟ್ಟಿಯಾದದ್ದು. ಚಾಳೀಸು ಬಂದ ಕಣ್ಣಿಗೆ ಮಣಿ ಮಸುಕು, ಗುರಿ ಮಾತ್ರ ಸ್ಪಷ್ಟ. ಇದನ್ನು ಒಪ್ಪಲೇಬೇಕು. ಆದರೆ ಅದಕ್ಕೆ ಮದ್ದು ಹಿಗ್ಗಿಸುವ ಗಾಜಲ್ಲ, ಹಿಗ್ಗಿಸದೆ ಬರೀ ಚುಕ್ಕೆ ತೋರಿಸುವ ಗಾಜು. 1900ರಲ್ಲಿ ಇದನ್ನು ಕಂಡುಹಿಡಿದವನು ಡಬ್ಲಿನ್ನಿನ ಹೊವರ್ಡ್ ಗ್ರಬ್. ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ 15 ಅಂಗುಲದ ದೂರದರ್ಶಕವೂ ಗ್ರಬ್ ಕಾರ್ಖಾನೆಯದೇ. ನಕ್ಷತ್ರಕ್ಕೆ ಯಾವ ಗಾಜು, ಕೋವಿಗೆ ಯಾವುದು ಎಂಬ ವಿವೇಕ ಆತನಿಗಿತ್ತು. ಚುಕ್ಕೆಯ ಗಾಜನ್ನು ಎರಡೂ ಕಣ್ಣು ತೆರೆದೇ ನೋಡಬಹುದಾದ್ದರಿಂದ ಹಕ್ಕಿಯೂ ಕಳೆದುಹೋಗುವುದಿಲ್ಲ.

ಕೊನೆಯದು ರಾಗಿ ಹೊಲಕ್ಕೆ ನುಗ್ಗುವ ಹಂದಿಯ ವಿಷಯ. ಮಬ್ಬಿನಲ್ಲಿ ದೊಡ್ಡ ಗಾಜು ಬೆಳಕನ್ನು ಹೆಚ್ಚು ಹಿಡಿಯುತ್ತದೆ ಎನ್ನುವುದು ನಿಜ. ಆದರೆ ಕಗ್ಗತ್ತಲಲ್ಲಿ ಹಿಡಿಯಲು ಬೆಳಕೆಲ್ಲಿದೆ? ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್ ರಾತ್ರಿ ಕಾಯುವಾಗ ನೆಚ್ಚಿಕೊಂಡದ್ದು ತಮ್ಮ .405 ವಿಂಚೆಸ್ಟರ್ ರೈಫಲ್ಲಿಗೆ ಬಿಗಿದ ಟಾರ್ಚನ್ನು. ಇನ್ನು, 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಈಗ ಮೋಜಿನ ಶಿಕಾರಿಯ ಪ್ರಶ್ನೆಯೇ ಇಲ್ಲ. ಬೆಳೆ ಹಾಳುಮಾಡುವ ಹಂದಿಯನ್ನು ಹೊಡೆಯುವುದಕ್ಕೂ 11ನೇ ಕಲಮಿನಡಿ ಲಿಖಿತ ಅಪ್ಪಣೆ ಬೇಕು. ಕೆ.ಜಿ.ಎಫ್. ಸುತ್ತಲ ಬಯಲಿನಲ್ಲಿ ಓಡಾಡುವ ಕೃಷ್ಣಮೃಗಕ್ಕೆ ಆ ಅಪ್ಪಣೆ ಅನ್ವಯಿಸದು. ಎದುರಿಗಿರುವುದು ಯಾವ ಪ್ರಾಣಿ ಎಂದು ನೋಡಲು ಮಸೂರ ಬೇಕೆನ್ನುವವರು ಅದನ್ನು ಕೊರಳಿಗೆ ನೇತುಹಾಕಿಕೊಳ್ಳಲಿ. ಕೋವಿಯ ಮೇಲಿದ್ದರೆ ಗುರುತು ಹಿಡಿಯುವ ಮೊದಲೇ ನಳಿಗೆ ಅತ್ತ ತಿರುಗಿರುತ್ತದೆ. ದುರ್ಬೀನು ಕೂರಿಸದೆ ಉಳಿದ ದುಡ್ಡಿನಲ್ಲಿ ಕೋವಿಯ ಹಿಡಿಯನ್ನು ಹೆಗಲಿನ ಅಳತೆಗೆ ಸರಿಮಾಡಿಸಿ, ಒಂದಷ್ಟು ತೋಟಾ ಕೊಂಡು, ಪರವಾನಗಿ ಇರುವ ಗುರಿ ಅಭ್ಯಾಸದ ಮೈದಾನದಲ್ಲಿ ನಾಲ್ಕಡಿ ಅಗಲದ ಕಾಗದ ಕಟ್ಟಿ, 40 ಗಜದಿಂದ ಹೊಡೆದು, ದಟ್ಟವಾಗಿ ಬಿದ್ದ ಕಡೆ 30 ಅಂಗುಲದ ವೃತ್ತ ಬರೆದು ತೂತು ಎಣಿಸಬೇಕು. ಒಂದೇ ನಳಿಗೆಯಲ್ಲಿ ಒಂದು ಬಗೆಯ ತೋಟಾ ಒತ್ತಾಗಿ, ಇನ್ನೊಂದು ಬಗೆಯದು ಚೆಲ್ಲಾಪಿಲ್ಲಿಯಾಗಿ ಬೀಳುವುದುಂಟು. ಆಯ್ಕೆ ಮಾಡಬೇಕಾದದ್ದು ತೋಟಾವನ್ನು.