ಚಪಾತಿಯ ಮೂಗು ಯಾವ ಕಡೆ?

ನಾವು ಸಿವಿಲ್‌ನ ನಾಲ್ವರು, ಜಿಯಾಲಜಿ ಲ್ಯಾಬಿನಲ್ಲಿ ಒಂದೇ ಬ್ಯಾಚ್. ಮೂವರು ಇಂಗ್ಲಿಷ್ ಮೀಡಿಯಂ, ಒಬ್ಬಳು ಕನ್ನಡ ಮೀಡಿಯಂ. (ಇದನ್ನು ಬರೆದದ್ದು ಮೂವರು, ಕಾಗುಣಿತ ತಿದ್ದಿದ್ದು ಅವಳು.)

ಫೋಲ್ಡ್, ಅಂದ್ರೆ ಕಲ್ಲಿನ ಪದರಗಳ ಮಡಿಕೆ, ನಮಗೆ ಬೋರ್ಡ್ ಮೇಲಿನ ಚಿತ್ರವಾಗಿ ಮಾತ್ರ ಗೊತ್ತಿತ್ತು. ಕಮಾನಿನಂತೆ ಬಾಗಿದರೆ ಆಂಟಿಕ್ಲೈನ್, ತೊಟ್ಟಿಲಿನಂತೆ ಜೋತರೆ ಸಿಂಕ್ಲೈನ್. ಎರಡು ಪಕ್ಕ ಲಿಂಬ್, ಹೆಚ್ಚು ಬಾಗಿದ ಜಾಗ ಹಿಂಜ್. ಎಲ್ಲಾ ಬಾಯಿಪಾಠ. ಆದ್ರೆ ಲ್ಯಾಬಿನಲ್ಲಿ ಸಂಡೂರು ಕಡೆಯ ಪಟ್ಟೆ ಪಟ್ಟೆ ಕಬ್ಬಿಣದ ಕಲ್ಲೊಂದಿದೆ, 250 ಕೋಟಿ ವರ್ಷಕ್ಕಿಂತ ಹಳೆಯದು. ಒಂದು ಬದಿಯಲ್ಲಿ ಪಟ್ಟೆಗಳು ಕಮಾನು, ಪಕ್ಕಕ್ಕೆ ತಿರುಗಿಸಿದರೆ ನೇರ ಗೆರೆಗಳು. ಎರಡೂ ಅದೇ ಪದರ! ಹಿಂಜ್ ಅನ್ನೋದು ಚುಕ್ಕಿಯಲ್ಲ, ಕಲ್ಲಿನೊಳಗೆ ಉದ್ದಕ್ಕೆ ಹೋಗುವ ಗೆರೆ. ಆ ಗೆರೆ ಮಟ್ಟವಾಗಿರದೆ ಒಂದು ಕಡೆ ಇಳಿದಿದ್ದರೆ ಪ್ಲಂಜ್.

ಎಡವಟ್ಟಾಗಿದ್ದು ಮ್ಯಾಪಿನಲ್ಲಿ. ಪದರಗಳು ಲಾಳದ ಹಾಗೆ ತಿರುಗಿ ಉತ್ತರಕ್ಕೆ ಮುಚ್ಚಿಕೊಂಡಿದ್ದವು, ಹಳೆಯ ಕಲ್ಲು ಒಳಗಡೆ. ಅವಳು ಉತ್ತರಕ್ಕೆ ಬಾಣ ಹಾಕಿ, "ಮೂಗು ಆ ಕಡೆ ನೆಲದೊಳಗೆ ಇಳೀತಿದೆ ಕಣ್ರೋ" ಅಂದಳು. ತೆರೆದಿರೋ ಕಡೆಗೇ ಇಳಿಯಬೇಕು ಅಂತ ನಮ್ಮ ಲೆಕ್ಕ. "ಟೆಕ್ನಿಕಲ್ ಆಗಿ ಹೇಳು" ಅಂದೆವು. ಇಂಗ್ಲಿಷಲ್ಲಿ ಹೇಳಹೋಗಿ ತಡವರಿಸಿದಳು. ಮೂರು ಓಟಿಗೆ ಒಂದು ಓಟು. ರಬ್ಬರ್ ತಗೊಂಡು ಅವಳ ಬಾಣ ಅಳಿಸಿ ದಕ್ಷಿಣಕ್ಕೆ ಹಾಕಿದೆವು. ಸರ್ ಕೆಂಪು ಇಂಕಲ್ಲಿ ಸುತ್ತು ಹಾಕಿದರು. ಅವಳ ಮಾರ್ಕ್ಸೂ ಹೋಯ್ತು.

ಅವತ್ತು ರಾತ್ರಿ ಮೆಸ್ಸಿನಲ್ಲಿ ಅವಳು ಮಾತಾಡಲಿಲ್ಲ. ನಾಲ್ಕು ಚಪಾತಿ ಒಂದರ ಮೇಲೊಂದಿಟ್ಟು ಕಮಾನಿನಂತೆ ಬಗ್ಗಿಸಿದಳು (ನಮ್ಮ ಮೆಸ್ ಚಪಾತಿ, ಆಸರೆಯಿಲ್ಲದೆ ನಿಂತವು). ಒಂದು ತುದಿ ತಗ್ಗಿಸಿ ಹಿಡಿದು, ಚಾಕುವನ್ನು ಮೇಜಿಗೆ ಸಮನಾಗಿ ಆಡಿಸಿ ಮೇಲ್ಭಾಗ ಕೊಯ್ದಳು. ಚಾಕು ಅಂದ್ರೆ ಇಲ್ಲಿ ಭೂಮಿಯ ಮೇಲ್ಮೈ. ಕೊಯ್ದ ಅಂಚುಗಳು ಲಾಳದ ಹಾಗೆ ತಿರುಗಿ, ತಗ್ಗಿದ ತುದಿಯಲ್ಲೇ ಮುಚ್ಚಿಕೊಂಡಿದ್ದವು. ಸಿಂಕ್ಲೈನ್ ಆದ್ರೆ ಉಲ್ಟಾ, ಮೂಗು ಎತ್ತರದ ಕಡೆ ಬರುತ್ತೆ ಅಂತ ಇನ್ನೊಂದು ಕಂತು ಚಪಾತಿ ತಂದು ನಾವೇ ಕೊಯ್ದು ನೋಡಿದೆವು.

ಸಿಂಕ್ಲೈನ್ ಬೋಗುಣಿ ಥರ, ಅದರ ತಳದಲ್ಲಿ ನೀರು ಸೇರುತ್ತೆ, ಸುರಂಗ ಕೊರೆಯೋರು ಅದಕ್ಕೇ ಹೆದರೋದು. ಪ್ಲಂಜ್ ತಪ್ಪು ಹಿಡಿದರೆ ಆ ತಳ ಎಷ್ಟು ಆಳದಲ್ಲಿದೆ ಅನ್ನೋದೇ ತಪ್ಪುತ್ತೆ. ನಮ್ಮದು ಬರೀ ಮಾರ್ಕ್ಸು, ಬಚಾವ್.

ಸಾರಿ ಕೇಳಿದೆವು. "ಮೊದ್ಲು ಚಪಾತಿ ತಿನ್ರೋ, ವೇಸ್ಟ್ ಮಾಡ್ಬೇಡಿ" ಅಂದಳು. ರೆಕಾರ್ಡನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ನಾವು ಅಳಿಸಿದ ಬಾಣದ ಗುರುತು ಈಗಲೂ ಕಾಣುತ್ತೆ, ಉತ್ತರಕ್ಕೆ.