ಇವತ್ತಿಗೆ ಆಗುವಷ್ಟೇ ಗಾರೆ

ಈ ವರ್ಷದ ತಪಸ್ಸುಕಾಲಕ್ಕೆ ನಾನು ಮಾಡಿಕೊಂಡಿದ್ದ ಪಟ್ಟಿ ನೋಡಿ: ದಿನಕ್ಕೆ ಒಂದೇ ಊಟ. ಮೀನು, ಮಾಂಸ, ಕಾಫಿ ಬಂದ್. ಬೆಳಗ್ಗೆ ನಾಲ್ಕೂವರೆಗೆ ಎದ್ದು ಬೈಬಲ್‌ನ ಐದು ಅಧ್ಯಾಯ. ಇನ್‌ಸ್ಟಾಗ್ರಾಂ ಡಿಲೀಟ್. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ, ಭಾನುವಾರ ಬಿಟ್ಟರೆ 40 ದಿನ. ಅಷ್ಟೇ ತಾನೇ, ಅಂದುಕೊಂಡಿದ್ದೆ.

ಒಂಬತ್ತನೇ ದಿನ ಬೆಂಗಳೂರಿನ ಆಫೀಸಿನಲ್ಲಿ, ಹೊಸದಾಗಿ ಸೇರಿದ ಹುಡುಗಿಯೊಬ್ಬಳ ಸಣ್ಣ ತಪ್ಪಿಗೆ ಎಲ್ಲರೆದುರು ಕೂಗಾಡಿಬಿಟ್ಟೆ. ಅವಳು ಕಣ್ಣೊರೆಸಿಕೊಂಡು ಎದ್ದು ಹೋದಳು. ಆ ರಾತ್ರಿ ಬಿರಿಯಾನಿ ತರಿಸಿ ತಿಂದೆ, ಅದೂ ಶುಕ್ರವಾರ. ಮರುದಿನದಿಂದ ಉಪವಾಸವೂ ಇಲ್ಲ, ಪ್ರಾರ್ಥನೆಯೂ ಇಲ್ಲ. ‘ನನ್ನಂಥವನಿಗೆ ಇದೆಲ್ಲ ಆಗುವ ಮಾತಲ್ಲ’ ಅನ್ನಿಸಿತು.

ಮುಂದಿನ ವಾರ ಅಜ್ಜಿಯನ್ನು ನೋಡೋಣ ಅಂತ ಮಂಗಳೂರಿಗೆ ರಾತ್ರಿ ಬಸ್ಸು ಹತ್ತಿದೆ. ಬೆಳಗ್ಗೆ ಜ್ಯೋತಿ ಹತ್ತಿರ ಇಳಿದಾಗ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಅಜ್ಜಿ ‘ಉಪವಾಸ ಹೇಗೆ ನಡೀತಿದೆ?’ ಅಂತ ಕೇಳಿಯೇ ಕೇಳುತ್ತಾಳೆ. ಒಂದು ಚಹಾ ಕುಡಿದು, ಬ್ಯಾಗು ಹೆಗಲಿಗೇರಿಸಿ ಬಾವುಟಗುಡ್ಡೆ ಹತ್ತಿದೆ. ಅಲ್ಲಿ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಇದೆ. ಚಿಕ್ಕಂದಿನಲ್ಲಿ ನೆಂಟರು ಬಂದಾಗಲೆಲ್ಲ ತೋರಿಸಲು ಕರೆದುಕೊಂಡು ಹೋಗುತ್ತಿದ್ದ ಜಾಗ. ನಾನಾಗಿ ನೋಡಿದ್ದು ಇದೇ ಮೊದಲು.

ಹೊರಗಿನ ಬಿಸಿಲಿನಿಂದ ಒಳಗೆ ಕಾಲಿಟ್ಟರೆ ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆಮೇಲೆ ಎಲ್ಲಿ ನೋಡಿದರೂ ಚಿತ್ರ. ಗೋಡೆ, ಕಮಾನು, ಚಾವಣಿ, ಖಾಲಿ ಜಾಗವೇ ಇಲ್ಲ. ಇಟಲಿಯಿಂದ ಬಂದ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೆನಿ 1899ರಿಂದ 1901ರ ನಡುವೆ ಬರೆದ ಚಿತ್ರಗಳಿವು. ಚಾವಣಿಯಲ್ಲಿರುವುದು ಕ್ಯಾನ್ವಾಸ್ ಮೇಲಿನ ತೈಲಚಿತ್ರ, ಗೋಡೆಯ ಮೇಲಿರುವುದು ಫ್ರೆಸ್ಕೊ.

ಫ್ರೆಸ್ಕೊ ಕೆಲಸದ ರೀತಿ ಗೊತ್ತಾ? ಗೋಡೆಗೆ ಸುಣ್ಣದ ಗಾರೆ ಬಳಿದು, ಅದು ಹಸಿ ಇರುವಾಗಲೇ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತಾ ಬಣ್ಣ ಗೋಡೆಯ ಭಾಗವೇ ಆಗಿಬಿಡುತ್ತದೆ. ಒಣಗಿದ ಮೇಲೆ ಹಚ್ಚಿದರೆ ಹಾಗೆ ಹಿಡಿಯುವುದಿಲ್ಲ. ಅದಕ್ಕೇ ಇಡೀ ಗೋಡೆಗೆ ಒಂದೇ ಸಲ ಗಾರೆ ಬಳಿಯುವಂತಿಲ್ಲ. ಆ ದಿನ ಬರೆದು ಮುಗಿಸಲು ಆಗುವಷ್ಟಕ್ಕೆ ಮಾತ್ರ. ನಾಳೆಯದ್ದು ನಾಳೆ.

ನಾನು ಮಾಡಿದ್ದೇನು? 40 ದಿನದ ಗೋಡೆಗೆ ಒಂದೇ ಬೆಳಗ್ಗೆ ಗಾರೆ ಬಳಿದಿದ್ದೆ.

ಬೆಂಚಿನಲ್ಲಿ ಕೂತು ತಲೆಯೆತ್ತಿ ನೋಡಿದೆ. ಚಾವಣಿಯ ನಡುವೆ ಇರುವುದು ಸಂತ ಅಲೋಶಿಯಸ್ ಗೊನ್ಜಾಗನ ಕಥೆ. 1568ರಲ್ಲಿ ಇಟಲಿಯ ಶ್ರೀಮಂತ ಮನೆತನದಲ್ಲಿ ಹುಟ್ಟಿದವನು, ಆಸ್ತಿಯನ್ನೆಲ್ಲ ಬಿಟ್ಟು ಬಂದು ಜೆಸ್ವಿಟ್ ಆದವನು. ಹುಡುಗನಾಗಿದ್ದಾಗಲೇ ಅವನದು ಕಟ್ಟುನಿಟ್ಟಿನ ಉಪವಾಸ, ದೇಹದಂಡನೆ. ಆದರೆ ಮಠಕ್ಕೆ ಸೇರಿದ ಮೇಲೆ ಹಿರಿಯರು ಅವನಿಗೆ ಹೇಳಿದ್ದು ಬೇರೆಯೇ: ದಂಡನೆ ಕಡಿಮೆ ಮಾಡು, ಸರಿಯಾಗಿ ಊಟ ಮಾಡು, ಉಳಿದವರ ಜೊತೆ ಬೆರೆ. ಅವನು ಕೇಳಿದ. ಮುಂದೆ ರೋಮ್‌ನಲ್ಲಿ ಪ್ಲೇಗ್ ಬಂದಾಗ ರೋಗಿಗಳ ಸೇವೆಗೆ ಇಳಿದ. 1591ರಲ್ಲಿ, 23ನೇ ವಯಸ್ಸಿಗೆ ತೀರಿಕೊಂಡ. ಅವನು ಎಷ್ಟು ದಿನ ಉಪವಾಸವಿದ್ದ ಅನ್ನುವುದಕ್ಕಿಂತ, ಆ ರೋಗಿಗಳನ್ನು ಎತ್ತಿದ್ದೇ ನನಗೆ ಮುಖ್ಯ ಅನ್ನಿಸಿತು. ನನ್ನ ಉಪವಾಸದಿಂದ ಯಾರಿಗೆ ಏನಾಯಿತು? ಒಬ್ಬಳ ಕಣ್ಣಲ್ಲಿ ನೀರು ಬಂತು.

ಕುಲಶೇಖರದ ಮನೆ ತಲುಪುವಾಗ ಹನ್ನೊಂದು ಗಂಟೆ. ಅಜ್ಜಿ ಗಂಜಿ ಬಡಿಸಿದಳು, ಜೊತೆಗೆ ಮಾವಿನ ಮಿಡಿ ಉಪ್ಪಿನಕಾಯಿ. ಕೇಳುವ ಮೊದಲೇ ಎಲ್ಲ ಹೇಳಿಬಿಟ್ಟೆ.

“ನಿನಗೆ ಒಂದೇ ಊಟ ಮಾಡು ಅಂತ 40 ದಿನಕ್ಕೂ ಯಾರು ಹೇಳಿದ್ದು ಮಾರಾಯ?” ಅಂದಳು. ಸರಿಯೇ. ಚರ್ಚಿನ ನಿಯಮದಲ್ಲಿ ಉಪವಾಸ ಕಡ್ಡಾಯ ಇರುವುದು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಎರಡೇ ದಿನ. ಅದರಲ್ಲೂ ಒಂದು ಪೂರ್ತಿ ಊಟ, ಬೇಕಾದರೆ ಎರಡು ಸಲ ಸ್ವಲ್ಪ ಆಹಾರ. ಅರವತ್ತರ ಹೊಸ್ತಿಲು ದಾಟಿದವರಿಗೆ ಅದೂ ಕಡ್ಡಾಯವಲ್ಲ.

“ಉಪವಾಸ ಅಂತ ಹೇಳಿ ಸಿಟ್ಟು ಮಾಡ್ಲಿಕ್ಕೆ ಉಂಟಾ? ಅದಕ್ಕಿಂತ ಊಟ ಮಾಡಿ ನಗ್ತಾ ಇರು.”

ಅಜ್ಜಿ ಮದುವೆಯಾಗಿ ಬಂದಂದಿನಿಂದ ಪ್ರತಿ ಸಂಜೆ ತೇರ್ಸ್, ಅಂದರೆ ಜಪಮಾಲೆ ಪ್ರಾರ್ಥನೆ ಮಾಡುತ್ತಾಳೆ. “ಒಂದು ದಿನವೂ ತಪ್ಪಿಲ್ವಾ?” ಅಂತ ಕೇಳಿದೆ.

“ತುಂಬಾ ಸಲ ತಪ್ಪಿದೆ. ಮಕ್ಕಳಿಗೆ ಜ್ವರ, ನನಗೆ ಸುಸ್ತು, ಎಷ್ಟೋ ದಿನ ಮಧ್ಯದಲ್ಲೇ ನಿದ್ದೆ. ತಪ್ಪಿದ್ದು ತಪ್ಪಿತು. ಮರುದಿನ ಸಂಜೆ ಬರ್ತದಲ್ವಾ ಮಗಾ?”

ಸೋಮವಾರ ಆಫೀಸಿಗೆ ಹೋದವನೇ ಆ ಹುಡುಗಿಯ ಬಳಿ ಕ್ಷಮೆ ಕೇಳಿದೆ, ಕೂಗಾಡಿದ ಹಾಗೆಯೇ ಎಲ್ಲರೆದುರು. “ಪರವಾಗಿಲ್ಲ ಸರ್” ಅಂದಳು. ನಗಲಿಲ್ಲ. ಅದಕ್ಕೆ ಸಮಯ ಬೇಕು.

ಈಗ ನನ್ನ ಪಟ್ಟಿ ಚಿಕ್ಕದು. ಶುಕ್ರವಾರ ಮಾಂಸ ಇಲ್ಲ. ಮೆಟ್ರೊದಲ್ಲಿ ಹತ್ತು ನಿಮಿಷ ಬೈಬಲ್. ಸಿಟ್ಟು ಬಂದರೆ ನೀರು ಕುಡಿದು ಮಾತಾಡುವುದು. ಮೊನ್ನೆ ಮೆಟ್ರೊದಲ್ಲಿ ನಿದ್ದೆ ಹೋದೆ, ಓದಲಿಲ್ಲ. ನಿನ್ನೆ ಮತ್ತೆ ಓದಿದೆ.

ನೀವು ಮಂಗಳೂರಿಗೆ ಹೋದರೆ ಬಾವುಟಗುಡ್ಡೆಗೆ ಒಮ್ಮೆ ಹತ್ತಿ. ಫೋನು ಜೇಬಿನಲ್ಲಿಟ್ಟು ಒಂದೇ ಒಂದು ಗೋಡೆ ನೋಡಿ. ಒಂದು ದಿನಕ್ಕೆ ಅಷ್ಟು ಸಾಕು.