ಪುಲಿಗೆರೆಯ ಸೀಮೆಯಲ್ಲಿ ಹಂಸಗಳು

ಪುಲಿಗೆರೆ ಎಂದೊಡನೆ ಕನ್ನಡ ಸಾಹಿತ್ಯದ ಅಭ್ಯಾಸಿಗೆ ನೆನಪಾಗುವವನು ಪಂಪ. ಕ್ರಿ.ಶ. 941ರ ಸುಮಾರಿನ 'ವಿಕ್ರಮಾರ್ಜುನ ವಿಜಯ'ದಲ್ಲಿ ತನ್ನ ಕಾವ್ಯದ ನುಡಿ ಪುಲಿಗೆರೆಯ ತಿರುಳ್ಗನ್ನಡವೆಂದು ಅವನು ಹೇಳಿಕೊಂಡಿದ್ದಾನೆ. ಜೈನ ಯಾತ್ರಿಕನಿಗಾದರೋ ಅದು ಶಂಖ ಬಸದಿಯ ಊರು, ಸಹಸ್ರಕೂಟ ಜಿನಬಿಂಬದ ಕ್ಷೇತ್ರ. ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರವೇ ಆ ಪುಲಿಗೆರೆ. ಊರಿನ ಹೆಸರಿನಲ್ಲಿಯೇ ಕೆರೆಯೊಂದು ಅಡಗಿರುವುದನ್ನು ಇಬ್ಬರೂ ಅಷ್ಟಾಗಿ ಲಕ್ಷಿಸುವುದಿಲ್ಲ. ಹುಲಿಯ ಕೆರೆ ಪುಲಿಗೆರೆಯಾಯಿತು. ಮಳೆ ನೆಚ್ಚಿ ಬಾಳುವ ಆ ನಾಡಿನಲ್ಲಿ ಊರಿಗೆ ಹೆಸರು ಕೊಡುವ ಯೋಗ್ಯತೆ ಕೆರೆಗಲ್ಲದೆ ಇನ್ನಾವುದಕ್ಕಿದ್ದೀತು?

ಒಂದು ಜನವರಿಯಲ್ಲಿ ಬೆಳ್ತಂಗಡಿಯ ಪಕ್ಕದ ಲಾಯಿಲದಿಂದ ಹೊರಟ ಶ್ರಾವಕರ ಸಣ್ಣ ತಂಡವೊಂದು ಚಾರ್ಮಾಡಿ ಘಾಟಿಯನ್ನೇರಿ, ದಾವಣಗೆರೆ, ಹಾವೇರಿಗಳನ್ನು ದಾಟಿ ಲಕ್ಷ್ಮೇಶ್ವರಕ್ಕೆ ಬಂದಿತು. ಶಂಖ ಬಸದಿಯ ದರ್ಶನ ಮುಗಿದ ಬಳಿಕ, ಹತ್ತಿರದಲ್ಲೇ ಇರುವ ಮಾಗಡಿ ಕೆರೆಯನ್ನು ನೋಡಿ ಹೋಗೋಣವೆಂದು ತಂಡದ ಕಿರಿಯರು ಹಟ ಹಿಡಿದರು. ಇದು ಕೆಂಪೇಗೌಡನ ಮಾಗಡಿಯಲ್ಲ. ಶಿರಹಟ್ಟಿ ತಾಲೂಕಿನ ಹಳ್ಳಿ. ಇಲ್ಲಿಯ ಕೆರೆಯ ವಿಸ್ತಾರ ಸುಮಾರು 54 ಹೆಕ್ಟೇರ್. ಮಳೆಯ ನೀರನ್ನು ಹಿಡಿದು ಹೊಲಗಳಿಗೆ ಉಣಿಸಲೆಂದು ಜನರೇ ಕಟ್ಟಿದ ಕೆರೆಯಿದು. 166 ಬಗೆಯ ಹಕ್ಕಿಗಳು ಇಲ್ಲಿ ಕಂಡಿವೆ. ಅವುಗಳಲ್ಲಿ 130 ವಲಸೆ ಬರುವಂಥವು. 2022ರಲ್ಲಿ ರಂಗನತಿಟ್ಟಿಗೆ ದೊರೆತ ರಾಮ್ಸರ್ ಮನ್ನಣೆ 2024ರಲ್ಲಿ ಅಂಕಸಮುದ್ರ, ಅಘನಾಶಿನಿಗಳ ಜೊತೆಗೆ ಈ ಕೆರೆಗೂ ಸಂದಿತು.

ಮೂಡುಬಿದಿರೆಗೆ ಹದಿನೆಂಟು ಬಸದಿ, ಹದಿನೆಂಟು ಕೆರೆ ಎಂಬ ಲೆಕ್ಕವನ್ನು ಕೇಳುತ್ತ ಬೆಳೆದವರಿಗೆ ಕೆರೆ ಹೊಸದಲ್ಲ. ಆದರೆ ತುಳುನಾಡಿನ ಕೆರೆಗಳು ಮುರಕಲ್ಲಿನ ಮೆಟ್ಟಿಲ ನಡುವೆ ತಣ್ಣಗೆ ಮಲಗಿರುವಂಥವು. ಕಣ್ಣು ಹರಿಯುವವರೆಗೆ ಬಯಲು, ಬಯಲ ನಡುವೆ ನೀರು, ನೀರ ಮೇಲೆ ಸಾವಿರಾರು ಹಕ್ಕಿಗಳ ಬೂದುಬಣ್ಣದ ರಾಶಿ — ಇದು ಅವರು ಕಾಣದ ನೋಟ. ಅವು ಪಟ್ಟೆತಲೆ ಹೆಬ್ಬಾತುಗಳು. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಕೊಕ್ಕು, ಕಾಲು ಹಳದಿ. ಟಿಬೆಟ್, ಮಂಗೋಲಿಯ, ಲಡಾಖಿನ ಎತ್ತರದ ಸರೋವರಗಳಲ್ಲಿ ಮರಿಮಾಡಿ, ಚಳಿಗೆ ಮುನ್ನ ಹಿಮಾಲಯವನ್ನು ದಾಟಿ ಬರುತ್ತವೆ. ಏಳು ಸಾವಿರ ಮೀಟರಿಗೂ ಮೇಲೆ ಇವು ಹಾರಿದ್ದು ಉಪಗ್ರಹ ಸಾಧನಗಳಿಂದ ದಾಖಲಾಗಿದೆ. ತೆಳುವಾದ ಗಾಳಿಯಿಂದಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿದುಕೊಳ್ಳುವ ಗುಣ ಇವುಗಳ ರಕ್ತಕ್ಕಿದೆ.

ಕವಿಗಳ ಹಂಸ ಇದೇ ಇರಬೇಕೆಂದು ಹೇಳುವವರುಂಟು. ಕವಿಸಮಯದ ಹಂಸ ಮುಂಗಾರಿನ ಮೋಡ ಕಂಡೊಡನೆ ಮಾನಸ ಸರೋವರಕ್ಕೆ ಹೊರಡುತ್ತದೆ. ಮಾಗಡಿಯ ಹಕ್ಕಿ ಬೇಸಿಗೆ ಬಲಿಯುವ ಮೊದಲೇ ಹೊರಟುಬಿಡುತ್ತದೆ. ದಿಕ್ಕು ಮಾತ್ರ ಕವಿಗಳು ಹೇಳಿದ್ದೇ. ಹಳೇಬೀಡಿನ ಭಿತ್ತಿಯ ಹಂಸಪಂಕ್ತಿಯಲ್ಲಿ ಬಾಲ ಬಳ್ಳಿಯಾಗಿ ಸುರುಳಿಗೊಂಡಿರುವುದನ್ನು ನೋಡಿದರೆ ಶಿಲ್ಪಿಗೂ ಹಕ್ಕಿಗಿಂತ ಕಾವ್ಯವೇ ಹೆಚ್ಚು ಪರಿಚಿತವಾಗಿತ್ತೆಂದು ತೋರುತ್ತದೆ.

ತಂಡದ ಹಿರಿಯರು ಕೆರೆಯ ಏರಿಯ ಮೇಲೆ ನಿಂತು ಅಹಿಂಸೆಯ ಮಹಿಮೆಯನ್ನು ವಿವರಿಸತೊಡಗಿದ್ದರು. ಅವರ ತಂಗಿಯ ಗಮನ ಬೇರೆಡೆಗಿತ್ತು. ಪಕ್ಕದಲ್ಲಿ ಎತ್ತುಗಳಿಗೆ ನೀರು ಕುಡಿಸುತ್ತಿದ್ದ ರೈತನನ್ನು ಅವರು ಕೇಳಿದರು: "ಇಷ್ಟು ಹಕ್ಕಿಗಳು ತಿನ್ನುವುದೇನನ್ನು?"

"ಹಗಲಿ ನೀರಾಗ ಇರ್ತಾವ್ರೀ ಅಮ್ಮಾರ. ಕತ್ತಲಾತಂದ್ರ ನಮ್ಮ ಹೊಲಕ್ಕ ಬರ್ತಾವು. ಶೇಂಗಾ, ಕಡ್ಲಿ, ಏನ್ ಸಿಕ್ಕರ ಅದು."

"ನೀವು ಓಡಿಸುವುದಿಲ್ಲವೇ?"

"ಓಡಸ್ತೀವ್ರಿ. ಡಬ್ಬಿ ಬಡೀತೀವಿ, ಕೂಗ್ತೀವಿ. ಕಲ್ಲ ಒಗಿಯಂಗಿಲ್ಲ. ಹೊಡಿಯಾಕ ಬಂದವರನ್ನ ಕೆರಿ ಹತ್ರ ಬಿಡಂಗಿಲ್ಲ." ತುಸು ತಡೆದು, "ಹೋದ ಬೆಳಿಗೆ ಯಾರೇನ್ ಕೊಡ್ತಾರ್ರೀ? ಆದ್ರೂ ಅಷ್ಟ ದೂರದಿಂದ ಬಂದಾವು," ಎಂದ.

ಹಿರಿಯರ ವಿವರಣೆ ಅರ್ಧಕ್ಕೇ ನಿಂತಿತು. ಅದಕ್ಕೆ ಕಾರಣವಿತ್ತು. ಲಾಯಿಲದ ಅವರ ತೋಟದಲ್ಲಿ ಎಳೆಯ ಅಡಕೆಯನ್ನು, ಸೀಯಾಳವನ್ನು ಮಂಗಗಳು ಉಳಿಸುವುದಿಲ್ಲ. ಬೆಳೆ ರಕ್ಷಣೆಯ ಪರವಾನಗಿಯ ಕೋವಿಯೊಂದು ಆ ಮನೆಯಲ್ಲಿದೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ, ಮುಗಿದ ಮೇಲೆ ತರುವುದು ದಕ್ಷಿಣ ಕನ್ನಡದ ಅನೇಕ ಕೃಷಿಕರ ಮನೆಗಳ ರೂಢಿ. ಗುಂಡು ಆಕಾಶಕ್ಕೆ ಎಂಬುದು ಮನೆಯವರ ಸಮಾಧಾನ. ಪ್ರತಿ ಸಲವೂ ಆಕಾಶಕ್ಕೇ ಹೋಯಿತೆಂದು ಯಾರೂ ಆಣೆಯಿಟ್ಟು ಹೇಳಿಲ್ಲ.

ಜೈನ ಆಚಾರಶಾಸ್ತ್ರ ಗೃಹಸ್ಥನ ಕಷ್ಟವನ್ನು ಬಲ್ಲದು. ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸಿ, ಶ್ರಾವಕನು ಪೂರ್ಣವಾಗಿ ಬಿಡಬೇಕಾದದ್ದು ಮೊದಲನೆಯದನ್ನು ಎಂದು ಅದು ಹೇಳುತ್ತದೆ. ಉಳುವಾಗ ಸಾಯುವ ಹುಳ ಉದ್ಯೋಗೀ. ಆತ್ಮರಕ್ಷಣೆಯಲ್ಲಿ ಆಗುವುದು ವಿರೋಧೀ. ತೋಟದ ಕೋವಿಯನ್ನು ಹಿರಿಯರು ಇಷ್ಟು ಕಾಲ ಈ ನಾಲ್ಕನೆಯ ಕೋಣೆಯಲ್ಲಿಯೇ ಇರಿಸಿದ್ದರು. ಆದರೆ ಗುರಿಯಿಟ್ಟು ಕುದುರೆ ಎಳೆಯುವ ಗಳಿಗೆಯಲ್ಲಿ ಸಂಕಲ್ಪವಿಲ್ಲವೆನ್ನಬಹುದೇ? ಬೆಳೆ ರಕ್ಷಣೆ ಆತ್ಮರಕ್ಷಣೆಯಾದೀತೇ? ಶಾಸ್ತ್ರದ ವಿಂಗಡಣೆ ಸಡಿಲವಲ್ಲ. ಅದನ್ನು ಸಡಿಲಿಸಿಕೊಳ್ಳುವುದು ಫಸಲಿನ ಆಸೆ. ಮಾಗಡಿಯ ರೈತನೂ ಅಂಥದೇ ಫಸಲಿನವನು. ಡಬ್ಬಿ ಎಲ್ಲಿಯವರೆಗೆ, ಕಲ್ಲು ಎಲ್ಲಿಂದ ಎಂಬ ಗೆರೆಯನ್ನು ಆತ ಯಾವ ಗ್ರಂಥದ ನೆರವೂ ಇಲ್ಲದೆ ಎಳೆದುಕೊಂಡಿದ್ದ. ಅದರ ವೆಚ್ಚ ಪ್ರತಿ ಚಳಿಗಾಲ ಅವನ ಹೊಲದಿಂದಲೇ ಸಲ್ಲುತ್ತದೆ.

"ಅಣ್ಣಾ, ಊರಿಗೆ ಹೋದ ಮೇಲೆ ಆ ಕೋವಿಯನ್ನು ಠಾಣೆಗೆ ಕೊಟ್ಟುಬಿಡಿ. ಮತ್ತೆ ತರುವುದು ಬೇಡ," ಎಂದರು ತಂಗಿ.

"ಮಂಗ ಅಡಕೆ ಬಿಟ್ಟೀತೇ?"

"ಬಿಡುವುದಿಲ್ಲ. ಇವರಿಗೂ ಬಿಟ್ಟಿಲ್ಲವಲ್ಲ."

ಹಿರಿಯರು ಆಗಲೆಂದೂ ಅನ್ನಲಿಲ್ಲ, ಆಗದೆಂದೂ ಅನ್ನಲಿಲ್ಲ. ಹೊತ್ತು ಮುಳುಗುತ್ತಿದ್ದಂತೆ ನೀರಿನ ನಡುವಿನಿಂದ ಒಂದು ಸಾಲು ಎದ್ದಿತು. ಅದರ ಹಿಂದೆ ಇನ್ನೊಂದು. ಗಡುಸಾದ ಕೂಗಿನೊಡನೆ ಅವು ಏರಿಯನ್ನು ದಾಟಿ ಕಡಲೆಯ ಹೊಲಗಳತ್ತ ಸಾಗಿದವು. ರೈತ ಎತ್ತುಗಳನ್ನು ಹುಡುಗನೊಬ್ಬನಿಗೆ ಒಪ್ಪಿಸಿ, ಡಬ್ಬಿ ತರಲು ಮನೆಯ ಕಡೆಗೆ ಬಿರಬಿರನೆ ನಡೆದ.